ಗರ್ಭಪಾತಕ್ಕೆ ಗಂಡನ ಸಹಿ ಬೇಕೆ? ತೀರ್ಮಾನ ಯಾರದ್ದು?

[ಪರದೆಯ ಮೇಲೆ: ‘ಯಜಮಾನರು ಬಂದಿದ್ದಾರೆಯೇ?’]

ನಮಸ್ಕಾರ. ಗರ್ಭಪಾತಕ್ಕೆಂದು ಒಬ್ಬಳೇ ಬಂದ ಹೆಣ್ಣುಮಗಳಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ಎದುರಾಗುವ ಪ್ರಶ್ನೆ ಇದು. ಕಾನೂನು ಇದನ್ನು ಕೇಳುವುದೇ ಇಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಗಂಡ, ಅತ್ತೆ, ತಂದೆತಾಯಿ ಯಾರ ಸಹಿಯೂ ಬೇಡ. ಅಪ್ರಾಪ್ತೆಯಾಗಿದ್ದರೆ ಅಥವಾ ಮಾನಸಿಕ ಕಾಯಿಲೆ ಇದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಹಾಗಾದರೆ ತೀರ್ಮಾನ ಅವಳದ್ದೇ ಎಂದುಕೊಳ್ಳಬೇಡಿ. ತೊಡಕು ಇರುವುದೇ ಇಲ್ಲಿ. ನಮ್ಮಲ್ಲಿ ಗರ್ಭಪಾತ ಇಂದಿಗೂ ಮೂಲತಃ ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 312ನೇ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್ ಆಗಿ ಮುಂದುವರಿದಿದೆ. ತಾನೇ ಗರ್ಭ ತೆಗೆದುಕೊಂಡ ಮಹಿಳೆಯೂ ಅದರ ವ್ಯಾಪ್ತಿಗೆ ಬರುತ್ತಾಳೆ. 1971ರ ಕಾಯ್ದೆ ಆ ಅಪರಾಧವನ್ನು ಅಳಿಸಲಿಲ್ಲ. ಷರತ್ತು ಪಾಲಿಸಿದ ವೈದ್ಯರಿಗೆ ಶಿಕ್ಷೆಯಿಂದ ರಕ್ಷಣೆ ಕೊಟ್ಟಿತು, ಅಷ್ಟೇ.

[ಪರದೆಯ ಮೇಲೆ: 20 ವಾರ – 24 ವಾರ]

2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದ್ದು ಬೇಕು, ಅದೂ ನಿಯಮದಲ್ಲಿ ಹೆಸರಿಸಿದ ವರ್ಗಗಳ ಮಹಿಳೆಯರಿಗೆ ಮಾತ್ರ. 24 ದಾಟಿದರೆ, ಭ್ರೂಣದಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದ ಗರ್ಭಪಾತಕ್ಕೆ ಈ ಗಡುವಿಲ್ಲ.

ಗಮನಿಸಿ: ‘ನನಗೆ ಈ ಮಗು ಬೇಡ’ ಎಂಬುದು ಈ ಕಾಯ್ದೆಯಲ್ಲಿ ಕಾರಣವೇ ಅಲ್ಲ. ಅದು ‘ಮಾನಸಿಕ ಆರೋಗ್ಯಕ್ಕೆ ಧಕ್ಕೆ’ ಎಂಬ ವೇಷ ತೊಟ್ಟು ವೈದ್ಯರ ಲೇಖನಿಯಿಂದ ಬರಬೇಕು.

2022ರಲ್ಲಿ ಇಪ್ಪತ್ತೈದರ ಅವಿವಾಹಿತೆಯೊಬ್ಬಳು ದೆಹಲಿ ಹೈಕೋರ್ಟಿಗೆ ಹೋದಳು. ಸಂಗಾತಿ ಮದುವೆಗೆ ಒಪ್ಪದೆ ಕೈಬಿಟ್ಟಿದ್ದ; ಗರ್ಭಕ್ಕೆ 20 ವಾರ ದಾಟಿತ್ತು. ನಿಯಮದ ಪಟ್ಟಿಯಲ್ಲಿ ವಿಧವೆ, ವಿಚ್ಛೇದಿತೆ ಇದ್ದರು, ಇವಳಂಥವಳು ಇರಲಿಲ್ಲ. ಹೈಕೋರ್ಟ್ ಅನುಮತಿ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಜುಲೈನಲ್ಲೇ ಅವಳಿಗೆ ಮಧ್ಯಂತರ ಪರಿಹಾರ ನೀಡಿತು. ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಚಂದ್ರಚೂಡ್, ಬೋಪಣ್ಣ ಮತ್ತು ಪಾರ್ದೀವಾಲಾ ಅವರ ಪೀಠ, ಮದುವೆ ಆಗಿದೆಯೋ ಇಲ್ಲವೋ ಎಂದು ನೋಡಿ ಭೇದ ಮಾಡುವುದು ಸಂವಿಧಾನಕ್ಕೆ ಒಪ್ಪಿಗೆಯಲ್ಲ ಎಂದಿತು. ಗಂಡನ ಬಲಾತ್ಕಾರದಿಂದ ಗರ್ಭಿಣಿಯಾದವಳನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಸಂತ್ರಸ್ತೆ ಎಂದು ಪರಿಗಣಿಸಬೇಕು ಎಂದೂ ಹೇಳಿತು. ದಂಡ ಕಾನೂನಿನಲ್ಲಿ ಅತ್ಯಾಚಾರವಲ್ಲದ್ದು ಈ ಕಾಯ್ದೆಯಲ್ಲಿ ಮಾತ್ರ ಅತ್ಯಾಚಾರ! ಕಾನೂನಿನ ವಿಚಿತ್ರವೆಂದರೆ ಇದೇ.

ಒಂದೇ ವರ್ಷ ಕಳೆಯಿತು. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರದ ಗರ್ಭ ಬೇಡವೆಂದು ಸುಪ್ರೀಂ ಕೋರ್ಟಿಗೆ ಬಂದಳು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವಳು ಆಕೆ. ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. ಅವಳ ತೀರ್ಮಾನವನ್ನು ಗೌರವಿಸಬೇಕು ಎಂದವರು ಬಿ.ವಿ. ನಾಗರತ್ನ. ಕೊನೆಗೆ ಚಂದ್ರಚೂಡ್ ನೇತೃತ್ವದ ಮೂವರ ಪೀಠವೇ ಅನುಮತಿ ನಿರಾಕರಿಸಿತು. ಭ್ರೂಣದಲ್ಲಿ ದೋಷವಿರಲಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, 24 ವಾರ ದಾಟಿತ್ತು. ಆಯ್ಕೆ ಅವಳದ್ದು ಎಂದು ನಾವು ಎಷ್ಟೇ ಹೇಳಿದರೂ ಗಡುವು ದಾಟಿದ ಮೇಲೆ ಅವಳ ಮಾತಿಗೆ ಕಾಯ್ದೆಯಲ್ಲಿ ತೂಕವಿಲ್ಲ.

ಗುಟ್ಟು ಹೊರಬೀಳುವ ಭಯದಿಂದಲೇ ತಡಮಾಡುವವರಿಗೆ ಒಂದು ಮಾತು. ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ಕಾನೂನು ಒಪ್ಪಿದವರಿಗಲ್ಲದೆ ಬೇರೆಯವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಹುಡುಗಿ ಅಪ್ರಾಪ್ತೆಯಾಗಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಆದರೆ ಅವಳೂ ಪೋಷಕರೂ ಕೋರಿದರೆ ಆ ವರದಿಯಲ್ಲಿ ಅವಳ ಗುರುತು ಬಹಿರಂಗಪಡಿಸಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳಿದೆ.