ಟಾಮಿ ಜಾನ್ ಅಂದರೆ ಬರೀ ಆಪರೇಷನ್ ಅಲ್ಲ

ನಮಸ್ಕಾರ ಎಲ್ಲರಿಗೂ. ಇವತ್ತು ಬೇಸ್‌ಬಾಲ್ ವಿಷಯ. ಕ್ರಿಕೆಟ್ ಬಿಟ್ಟು ಇದೇನಪ್ಪಾ ಅನ್ನಬೇಡಿ, ಸ್ವಲ್ಪ ಹೊತ್ತು ಕೇಳಿ.

ಅಮೆರಿಕದ ಕ್ರೀಡಾ ಸುದ್ದಿ ಆಗಾಗ ನೋಡುವವರು 'ಟಾಮಿ ಜಾನ್ ಸರ್ಜರಿ' ಅನ್ನೋ ಮೊಣಕೈ ಆಪರೇಷನ್ ಮಾತು ಕೇಳಿರುತ್ತೀರಿ. ಜಪಾನಿನ ಬೇಸ್‌ಬಾಲ್ ಆಟಗಾರ ಶೊಹೇ ಓಹ್ತಾನಿ 2018ರಲ್ಲಿ ಮಾಡಿಸಿಕೊಂಡಿದ್ದು ಅದೇ. ಟಾಮಿ ಜಾನ್ ಅಂದರೆ ಯಾರೋ ಡಾಕ್ಟರ್ ಇರಬೇಕು ಅಂದುಕೊಂಡವರು ತುಂಬಾ ಜನ. ಅಲ್ಲ. ಡಾಕ್ಟರ್ ಹೆಸರು ಫ್ರಾಂಕ್ ಜೋಬ್. ಟಾಮಿ ಜಾನ್ ಆ ಟೇಬಲ್ ಮೇಲೆ ಮಲಗಿದ್ದ ಆಟಗಾರ. 26 ಸೀಸನ್ ಆಡಿ 288 ಪಂದ್ಯ ಗೆದ್ದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವರು (ಬೇಸ್‌ಬಾಲ್‌ನಲ್ಲಿ ಗೆಲುವು, ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ಅಂಥವರಿಗೆ ಇನ್ನೂ ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಲ್ಲಿ, ಜಾಗ ಸಿಕ್ಕಿಲ್ಲ. ನನ್ನ ತಕರಾರು ಅದೇ.

ಮೊದಲು ಪಿಚರ್ ಕೆಲಸ ಏನು ಅಂತ ಹೇಳಿಬಿಡ್ತೀನಿ. ಓಟ ಇಲ್ಲ, ರನ್ ಅಪ್ ಇಲ್ಲ. ಒಂದು ದಿಬ್ಬದ ಮೇಲೆ ನಿಂತು, ಅರವತ್ತು ಅಡಿ ದೂರಕ್ಕೆ ಚೆಂಡು ಎಸೆಯಬೇಕು. ನಮ್ಮ ಬೌಲರ್ ಮೊಣಕೈ ಮಡಚಿ ಎಸೆದರೆ ನೋ ಬಾಲ್. ಅಲ್ಲಿ ಮಡಚಿ ಬೀಸುವುದೇ ಕೆಲಸ. ಆ ಬೀಸಿನ ಜೋರೆಲ್ಲ ಮೊಣಕೈ ಒಳಬದಿಯಲ್ಲಿರುವ ಒಂದು ಸಣ್ಣ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅದರ ಮೇಲೆ ಬೀಳುತ್ತದೆ. ನಮ್ಮ ವೇಗಿಗಳಿಗೆ ಸೊಂಟ, ಭುಜ ಕೈಕೊಟ್ಟರೆ ಅವರಿಗೆ ಮೊಣಕೈ.

1974ರ ಜುಲೈ 17. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಟಾಮಿ ಜಾನ್ ಪಿಚ್ ಮಾಡ್ತಿದ್ದಾರೆ. ಎದುರಿಗೆ ಮಾಂಟ್ರಿಯಲ್. ಆ ಸೀಸನ್‌ನಲ್ಲಿ ಅಷ್ಟು ಹೊತ್ತಿಗೆ 13 ಗೆಲುವು, ಬರೀ 3 ಸೋಲು. ವಯಸ್ಸು 31. ಒಂದು ಎಸೆತಕ್ಕೆ ತೋಳಿನಲ್ಲಿ ಏನೋ ಆಯಿತು. ಇನ್ನೊಂದು ಎಸೆದು ನೋಡಿದರು, ಆಗಲಿಲ್ಲ. ಸುಮ್ನೆ ಮೈದಾನ ಬಿಟ್ಟು ಹೊರಗೆ ನಡೆದರು. ಲಿಗಮೆಂಟ್ ಹರಿದಿತ್ತು. ಆ ಕಾಲಕ್ಕೆ ಅದರರ್ಥ ಒಂದೇ: ಮನೆಗೆ ಹೋಗಿ ಬೇರೆ ಕೆಲಸ ಹುಡುಕಿಕೋ.

ಈಗ ಒಂದು ಕೆಲಸ ಮಾಡಿ. ಹೆಬ್ಬೆರಳು, ಕಿರುಬೆರಳು ಎರಡನ್ನೂ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ನಿಮ್ಮ ಕಡೆ ಮಡಚಿ. ಮಣಿಕಟ್ಟಿನ ಮಧ್ಯೆ ಒಂದು ನರದ ಹಾಗೆ ಎದ್ದು ಕಾಣುತ್ತಲ್ಲ? ಅದು ನರ ಅಲ್ಲ, ಸ್ನಾಯುವಿನ ತಂತು. ಕಾಣಲಿಲ್ಲ ಅಂದರೂ ಗಾಬರಿ ಬೇಡ, ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದೆಯೂ ಕೈ ಚೆನ್ನಾಗೇ ಓಡುತ್ತದೆ. ಜೋಬ್ ಅದನ್ನೇ ಟಾಮಿ ಜಾನ್ ಬಲಗೈಯಿಂದ ತೆಗೆದರು. ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು, ಹಗ್ಗದ ಮಂಚಕ್ಕೆ ಹಗ್ಗ ಎಳೆದ ಹಾಗೆ ಅಡ್ಡಡ್ಡ ಪೋಣಿಸಿ ಬಿಗಿದರು. ಅದು ಸೆಪ್ಟೆಂಬರ್ 25. ಪಿಚರ್ ಒಬ್ಬರ ಮೇಲೆ ಇದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ವಾಪಸ್ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಡಾಕ್ಟರೇ ಹೇಳಿದ್ದರು.

ಆಮೇಲೆ ಇನ್ನೊಂದು ಪೀಡೆ. ಕೈಯ ನರಕ್ಕೆ ಏಟು ಬಿದ್ದು ಬೆರಳು ಸೆಟೆದುಕೊಂಡವು. ಚೆಂಡು ಹಿಡಿಯುವುದಿರಲಿ, ಕೈ ಬಿಡಿಸಲೂ ಕಷ್ಟ. ಡಿಸೆಂಬರ್‌ನಲ್ಲಿ ಇನ್ನೊಂದು ಆಪರೇಷನ್. 1975ರ ಸೀಸನ್ ಪೂರ್ತಿ ಹೋಯಿತು. 1976ರಲ್ಲಿ ವಾಪಸ್ ಬಂದರು, 10 ಗೆದ್ದು 10 ಸೋತರು. ಅಬ್ಬಾ, ಬಂದರಲ್ಲ ಅಂತ ಎಲ್ಲರಿಗೂ ಸಮಾಧಾನ. ಮರುವರ್ಷ 20 ಗೆಲುವು. 1979ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಹೋಗಿ 21. 1980ರಲ್ಲಿ 22. ಆಪರೇಷನ್‌ಗೆ ಮುಂಚೆ ಒಂದು ಸಲವೂ 20 ಮುಟ್ಟಿರಲಿಲ್ಲ ಈ ಮನುಷ್ಯ! ಒಟ್ಟು 288ರಲ್ಲಿ 164 ಆಮೇಲೆ ಬಂದವು.

ಹಾಗಾದರೆ ಹೊಸ ತಂತು ಹಾಕಿದ್ದಕ್ಕೆ ವೇಗ ಜಾಸ್ತಿ ಆಯ್ತಾ? ಇಲ್ಲ ರೀ. ಅವರು ಯಾವತ್ತೂ ವೇಗದ ಪಿಚರ್ ಅಲ್ಲ. ಅವರ ಆಯುಧ ಸಿಂಕರ್. ಬ್ಯಾಟ್ಸ್‌ಮನ್ ಹತ್ತಿರ ಬರುತ್ತಾ ಕೆಳಗೆ ಕುಸಿಯುವ ಚೆಂಡು. ಹೊಡೆದರೂ ನೆಲಕ್ಕೇ ಉರುಳುತ್ತದೆ, ಫೀಲ್ಡರ್ ಎತ್ತಿಕೊಂಡು ಔಟ್ ಮಾಡುತ್ತಾನೆ. ಎಲ್ಲರನ್ನೂ ನಾನೇ ಸ್ಟ್ರೈಕ್ ಔಟ್ ಮಾಡಬೇಕು, ಅಂದರೆ ಚೆಂಡು ಹೊಡೆಯಲೂ ಬಿಡದೆ ಔಟ್ ಮಾಡಬೇಕು ಅನ್ನೋ ಹಟ ಇಲ್ಲ. ಹಾಗೆ ಆಡಿಯೇ 162 ಪಂದ್ಯಗಳಲ್ಲಿ ಮೊದಲಿಂದ ಕೊನೆತನಕ ಒಬ್ಬರೇ ಎಸೆದು ಮುಗಿಸಿದರು. ಇವತ್ತು 30 ತಂಡ ಸೇರಿದರೂ ಒಂದು ಸೀಸನ್‌ನಲ್ಲಿ ಅಷ್ಟು ಆಗುವುದಿಲ್ಲ. 46ನೇ ವಯಸ್ಸಿನವರೆಗೆ, 1989ರ ತನಕ ಆಡಿದರು.

ದೇವರಂಥ ಆಟಗಾರ ಅಂತೇನೂ ನಾನು ಹೇಳ್ತಿಲ್ಲ. 1988ರಲ್ಲಿ ಒಂದೇ ಚೆಂಡಿಗೆ ಮೂರು ತಪ್ಪು ಮಾಡಿದ ಮಹಾನುಭಾವ ಇವರೇ. ಉರುಳಿ ಬಂದ ಚೆಂಡನ್ನು ಕೈಬಿಟ್ಟರು, ಎತ್ತಿ ಫಸ್ಟ್ ಬೇಸ್‌ಗೆ ಎಲ್ಲೋ ಎಸೆದರು, ಫೀಲ್ಡರ್ ವಾಪಸ್ ಎಸೆದಿದ್ದನ್ನು ಮಧ್ಯೆ ಹಿಡಿದು ಮತ್ತೆ ಎಲ್ಲೋ ಎಸೆದರು. ಪುಣ್ಯಕ್ಕೆ ಆ ದಿನ ಯಾಂಕೀಸ್ 16-3ರಲ್ಲಿ ಗೆದ್ದಿತು. ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿಯ ವಿಷಯದಲ್ಲಂತೂ ಹಣೆಬರಹವೇ ಸರಿ ಇರಲಿಲ್ಲ. 1977, 78ರಲ್ಲಿ ಡಾಡ್ಜರ್ಸ್‌ನಲ್ಲಿದ್ದು ಯಾಂಕೀಸ್‌ಗೆ ಸೋತರು. 1981ರಲ್ಲಿ ಯಾಂಕೀಸ್‌ನಲ್ಲಿದ್ದು ಡಾಡ್ಜರ್ಸ್‌ಗೆ ಸೋತರು!

ಈಗ ಇವತ್ತಿನ ಕಥೆ ನೋಡಿ. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ ಸುಮಾರು 147 ಕಿಲೋಮೀಟರ್ ಇತ್ತು. 2024ಕ್ಕೆ 151 ದಾಟಿದೆ. ಪ್ರತಿ ಎಸೆತಕ್ಕೂ ಮೈಯಲ್ಲಿರುವ ಶಕ್ತಿಯೆಲ್ಲ ಹಾಕು ಅನ್ನೋದೇ ಪಾಠ. ಗಾಯಗಳು ಯಾಕೆ ಹೆಚ್ಚುತ್ತಿವೆ ಅಂತ ಲೀಗ್ ತಾನೇ ತರಿಸಿಕೊಂಡ ವರದಿ 2024ರ ಡಿಸೆಂಬರ್‌ನಲ್ಲಿ ಬಂತು. ಅದೂ ಇದನ್ನೇ ಹೇಳಿತು. ಆಪರೇಷನ್ ಇದೆಯಲ್ಲ, ಹರಿದರೆ ಹೊಲಿಸಿಕೊಂಡರಾಯಿತು ಅನ್ನೋ ಧೈರ್ಯ ಬೇರೆ. ಅಮೆರಿಕದಲ್ಲಿ 2007ರಿಂದ 2011ರವರೆಗೆ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ 15ರಿಂದ 19 ವಯಸ್ಸಿನ ಹುಡುಗರು. ತೋಳು ನೆಟ್ಟಗಿರುವ ಮಗನಿಗೂ ಮಾಡಿಬಿಡಿ, ವೇಗ ಬರುತ್ತದಂತೆ ಅಂತ ಡಾಕ್ಟರನ್ನು ಕೇಳಿದ ಅಪ್ಪ ಅಮ್ಮಂದಿರೂ ಇದ್ದಾರೆ. ಮಕ್ಕಳಿಗೆ ಇದು ಬೇಡ ಅಂತ ಟಾಮಿ ಜಾನ್ ತಾವೇ ಬಹಿರಂಗವಾಗಿ ಹೇಳಿದ್ದಾರೆ. ಅವರಿಂದ ಎಲ್ಲರೂ ತಗೊಂಡಿದ್ದು ಆಪರೇಷನ್. ಆ ನಿಧಾನದ ಸಿಂಕರ್ ಯಾರಿಗೂ ಬೇಡವಾಯಿತು. ನನಗೆ ಸಿಟ್ಟು ಬರೋದು ಇಲ್ಲೇ.

ನಮ್ಮ ಜಾವಗಲ್ ಶ್ರೀನಾಥ್ ಅವರೂ 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡು, ವಾಪಸ್ ಬಂದು, 2003ರ ವಿಶ್ವಕಪ್ ಫೈನಲ್‌ವರೆಗೆ ಆಡಿದರು. ಅವರನ್ನು ಭುಜದ ಹೆಸರಲ್ಲಿ ನೆನೆಯುತ್ತೀವಾ? ವಿಕೆಟ್‌ಗಳ ಹೆಸರಲ್ಲಿ ತಾನೇ?

ಹಾಲ್ ಆಫ್ ಫೇಮ್ ಮಾತಿಗೆ ಬರೋಣ. ಪತ್ರಕರ್ತರ ಮತಪಟ್ಟಿಯಲ್ಲಿ 15 ವರ್ಷ ಟಾಮಿ ಜಾನ್ ಹೆಸರಿತ್ತು. ಶೇಕಡಾ 75 ಬೇಕು, ಸಿಕ್ಕಿದ್ದರಲ್ಲಿ ಜಾಸ್ತಿ ಅಂದರೆ 31.7. ವಿರೋಧಿಗಳ ವಾದ ನನಗೆ ಗೊತ್ತು: ಸೋಲು 231 ಇವೆ, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಂದೂ ಇಲ್ಲ, ಸುಮ್ನೆ ತುಂಬಾ ವರ್ಷ ಆಡಿ ಲೆಕ್ಕ ಬೆಳೆಸಿಕೊಂಡರು. ಸರಿ, ಲೆಕ್ಕವನ್ನೇ ಹಿಡಿಯೋಣ. 300 ಗೆದ್ದವರಿಗೆ ಬಾಗಿಲು ಹೆಚ್ಚುಕಮ್ಮಿ ತಾನಾಗೇ ತೆರೆಯುತ್ತದೆ. ಇವರಿಗೆ ಕಮ್ಮಿ ಬಿದ್ದಿದ್ದು 12. ಹೋದ ಸಮಯ ಎಷ್ಟು? 13-3ರಲ್ಲಿ ಓಡುತ್ತಿದ್ದ ವರ್ಷದ ಉಳಿದ ಭಾಗ, ಅದರ ಮೇಲೆ ಒಂದು ಇಡೀ ಸೀಸನ್. ಅಷ್ಟರಲ್ಲಿ 12 ಬರುತ್ತಿರಲಿಲ್ವಾ? ಇಡೀ ಆಟಕ್ಕೆ ದಾರಿ ತೋರಿಸಿದ ಆಪರೇಷನ್‌ಗೆ ಕೈಯೊಡ್ಡಿದ ಮೊದಲಿಗರು ಅವರೇ, ಅದೇ ಕೈ ಅವರ ಲೆಕ್ಕಕ್ಕೆ ಕತ್ತರಿ ಹಾಕಿತು.

ಡಾಕ್ಟರ್ ಜೋಬ್ ಅವರನ್ನು 2013ರಲ್ಲಿ ಹಾಲ್ ಆಫ್ ಫೇಮ್ ಕರೆದು ಗೌರವಿಸಿತು. ಒಳ್ಳೆಯದೇ ಆಯಿತು, ಮರುವರ್ಷ ಅವರು ತೀರಿಕೊಂಡರು. ರೋಗಿ ಮಾತ್ರ ಇನ್ನೂ ಹೊರಗೇ. 2024ರ ಡಿಸೆಂಬರ್‌ನಲ್ಲಿ ಹಳೆಯ ಆಟಗಾರರ ಸಮಿತಿ ಮತ್ತೆ ಮತ ಹಾಕಿತು. 16ರಲ್ಲಿ 12 ಬೇಕಿತ್ತು, 7 ಬಂತು. ಆ ಸಮಿತಿ ಮುಂದೆ ಕೂರುವುದು 2027ರ ಡಿಸೆಂಬರ್‌ಗೆ. ಟಾಮಿ ಜಾನ್ ಹುಟ್ಟಿದ್ದು 1943ರಲ್ಲಿ. ಇನ್ನೆಷ್ಟು ಕಾಯಿಸ್ತೀರಿ ಸ್ವಾಮಿ?