ಒಂದು ಹನಿಯೂ ಬೀಳದ ದಿನ

ಎಲ್ಲರಿಗೂ ನಮಸ್ಕಾರ.

ಕೆಟ್ಟ ಹವೆಯಲ್ಲಿ ಕಾರು ಓಡಿಸುವುದರ ಬಗೆಗಿನ ಈ ಉಪನ್ಯಾಸ ಹೋದ ತಿಂಗಳೇ ಆಗಬೇಕಿತ್ತು. ಆಗಲಿಲ್ಲ, ಕಾರಣ ನಾನೇ. ಅವತ್ತು ಬೆಳಿಗ್ಗೆ ಭಾರಿ ಮಳೆಯ ಎಚ್ಚರಿಕೆ ಇತ್ತು. ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಬರುವುದಿಲ್ಲ ಅಂತ ಫೋನ್ ಮಾಡಿದೆ. ಆಮೇಲೆ ಏನಾಯಿತು ಅಂತ ನಿಮಗೇ ಗೊತ್ತು. ಒಂದು ಹನಿಯೂ ಬೀಳಲಿಲ್ಲ! ಸಂಜೆ ಕಾರ್ಯದರ್ಶಿಗಳು ನನಗೆ ಬಿಸಿಲಿನ ಫೋಟೊ ಕಳಿಸಿದರು. ಜೊತೆಗೆ ಏನೂ ಬರೆದಿರಲಿಲ್ಲ. ಸಜ್ಜನರು.

ಆದರೂ ನನ್ನ ತೀರ್ಮಾನ ಸರಿಯಾಗಿಯೇ ಇತ್ತು. ಬೆಳಿಗ್ಗೆ ಏಳಕ್ಕೆ ಏನು ಗೊತ್ತಿತ್ತೋ ಅದರ ಮೇಲೆ ತಾನೇ ತೀರ್ಮಾನ ಮಾಡುವುದು? ಸಂಜೆಯ ಬಿಸಿಲನ್ನು ತೋರಿಸಿ ಬೆಳಿಗ್ಗೆಯದನ್ನು ತಪ್ಪು ಅನ್ನುವ ಹಾಗಿಲ್ಲ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಹೋಗಬಾರದ ಹೊತ್ತಲ್ಲಿ ಹೋಗಿ ಬಚಾವಾಗಿ ಬಂದು, 'ನೋಡು, ಏನಾಯ್ತು?' ಅಂತ ಕೇಳುತ್ತಾರಲ್ಲ, ಅಂಥವರ ಕಾರಿನಲ್ಲಿ ನಾನು ಕೂರುವುದಿಲ್ಲ. ನಾನೂ ಒಂದು ಕಾಲದಲ್ಲಿ ಅಂಥವನೇ.

ಒಂದು ತಗ್ಗು ರಸ್ತೆ. ಮೇಲೆ ನೀರು ಹರಿಯುತ್ತಿತ್ತು. ಮುಂದೆ ಒಂದು ಲಾರಿ ಇಳಿಯಿತು, ಹಿಂದೆಯೇ ನಾನು. ದಾಟಿಬಿಟ್ಟೆ. ಆರು ತಿಂಗಳು ಸಿಕ್ಕವರಿಗೆಲ್ಲ ಆ ಕತೆ ಹೇಳಿದೆ. ಹೇಳಿದಷ್ಟು ಸಲವೂ ನೀರು ನಾಲ್ಕು ಬೆರಳು ಜಾಸ್ತಿಯಾಗುತ್ತಿತ್ತು.

ಮುಂದಿನ ವರ್ಷ ಅದೇ ರಸ್ತೆ, ಅದೇ ಥರ ನೀರು. ಈ ಸಲ ಲಾರಿ ಇರಲಿಲ್ಲ. ನನ್ನ ಹೆಂಡತಿ, "ವಾಪಸ್ ಹೋಗೋಣ ಕಣ್ರೀ" ಎಂದಳು. "ಹೋದ ಸಲ ದಾಟಿಲ್ವಾ? ಸುಮ್ನೆ ಕೂತ್ಕೋ" ಎಂದೆ. ನಡುವಿಗೆ ಬಂದಾಗ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಹಗುರವಾಯಿತು. ಎತ್ತ ತಿರುಗಿಸಿದರೂ ಒಂದೇ. ಕಾಲಡಿಯ ಮ್ಯಾಟ್ ಮೆಲ್ಲಗೆ ಮೇಲೆದ್ದಿತು, ಹಿಮ್ಮಡಿಗೆ ತಣ್ಣಗೆ ನೀರು ತಾಗಿತು. ಕಾರು ಪಕ್ಕಕ್ಕೆ ಜಾರುತ್ತಿತ್ತು. ರಸ್ತೆ ಬದಿಯ ಕಲ್ಲಿಗೆ ಹಿಂದಿನ ಚಕ್ರ ಸಿಕ್ಕಿಕೊಂಡಿತು ನೋಡಿ, ಅಷ್ಟಕ್ಕೆ ಉಳಿದೆವು. ಇಂಜಿನ್ ನಿಂತಿತ್ತು. ನಾನೋ, ಮತ್ತೆ ಸ್ಟಾರ್ಟ್ ಮಾಡಿದೆ! ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ. ಒತ್ತುವ ಪಿಸ್ಟನ್ನಿಗೆ ಜೋಡಿಸಿದ ಕಂಬಿ, ಅಂದರೆ ಕನೆಕ್ಟಿಂಗ್ ರಾಡ್, ಬಾಗುತ್ತದೆ. ಬಾಗಿತು. ಹೆಂಡತಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಹೆದರಿಕೆ ಆಯಿತು.

ಆ ಸ್ಟೀರಿಂಗ್ ಯಾಕೆ ಹಗುರವಾಯಿತು? ಆಮೇಲೆ ಕೂತು ಲೆಕ್ಕ ಹಾಕಿದೆ. ಸಣ್ಣ ಕಾರು ಸುಮಾರು 1,000 ಕಿಲೋ. ಅದರ ತಳ ಹೆಚ್ಚುಕಮ್ಮಿ 6 ಚದರ ಮೀಟರ್. ತಳಕ್ಕಿಂತ 10 ಸೆಂಟಿಮೀಟರ್ ಮೇಲೆ ನೀರು ಬಂದರೆ 600 ಲೀಟರ್ ಜಾಗವನ್ನು ಕಾರು ಹಿಡಿದಂತಾಯಿತು. ಅಂದರೆ ನೀರು 600 ಕಿಲೋ ಭಾರವನ್ನು ತಾನೇ ಎತ್ತಿಕೊಂಡಿತು. ಚಕ್ರದ ಮೇಲೆ ಉಳಿದದ್ದು ಬರೀ 400. ಇನ್ನೊಂದು ಗೇಣು ಬೇಕಿಲ್ಲ, ಕೆಲವು ಬೆರಳು ಸಾಕು, ಕಾರು ತೇಲುತ್ತದೆ. ಅದಕ್ಕೇ ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರಿಗೆ ಅಪಾಯ, 60 ಇದ್ದರೆ ದೊಡ್ಡ ಗಾಡಿಗಳೂ ಕೊಚ್ಚಿಹೋಗುತ್ತವೆ ಅನ್ನುವುದು. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಮುಂದೆ ಹೋದ ಲಾರಿಗೆ ಇದ್ದ ಭಾರ ನನಗಿರಲಿಲ್ಲ. ಈ ಹೊಟ್ಟೆ ಇದ್ದೂ ಸಾಲಲಿಲ್ಲ.

ಇಷ್ಟೆಲ್ಲ ಆಗಿದ್ದು ಮೊದಲನೇ ಸಲ ದಾಟಿದ್ದರಿಂದ. ಅವತ್ತೇ ಇಂಜಿನ್ ಕೆಟ್ಟಿದ್ದರೆ ಒಳ್ಳೆಯದಿತ್ತು. ಬಚಾವಾದದ್ದನ್ನೇ ಜಾಣತನ ಅಂದುಕೊಂಡೆ.

ಹಾಗಾಗಿ ಕೀಲಿ ಕೈಗೆ ತೆಗೆದುಕೊಳ್ಳುವ ಮುಂಚೆ ನಾನೀಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತೇ ಹೋಗಬೇಕಾ, ಇಲ್ಲಾ ಬರುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ ಅಂತ ಹೋಗುತ್ತಿದ್ದೇನಾ? ಎರಡೂ ಒಂದೇ ಅಲ್ಲ. ನಮ್ಮನ್ನು ಮಳೆಯೊಳಗೆ ತಳ್ಳುವುದು ಹೆಚ್ಚಾಗಿ ಸಂಕೋಚ. ಹೊರಟ ಮೇಲಂತೂ ಮುಗಿಯಿತು. ಊರು ಹತ್ತಿರವಾದಷ್ಟೂ ತಿರುಗಿ ಬರುವ ಮನಸ್ಸು ಕಮ್ಮಿ. ವಿಮಾನ ಓಡಿಸುವವರಿಗೆ ತರಬೇತಿಯಲ್ಲೇ ಈ ಬಗ್ಗೆ ಎಚ್ಚರಿಸುತ್ತಾರೆ. ಹೊರಡಲೇಬೇಕಾದರೆ, ಎಲ್ಲಿಂದ ವಾಪಸ್ ಅಂತ ಮನೆಯಲ್ಲೇ ನಿರ್ಧರಿಸಿ, ಪಕ್ಕದಲ್ಲಿ ಕೂರುವವರಿಗೆ ಹೇಳಿಬಿಡಿ. ಆಮೇಲೆ ನೀವು ಮರೆತರೂ ಅವರು ಮರೆಯುವುದಿಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ಮಂಜು, ಹಿಮ, ಗಾಳಿ, ಎಲ್ಲ ಬಾಕಿ ಇದೆ. ಓಡಿಸುತ್ತೇನೆ, ಕಾರನ್ನಲ್ಲ.

ಮಂಜಿನಲ್ಲಿ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಿಮದಲ್ಲಿ ಸಿಕ್ಕಿಕೊಂಡು ಹೀಟರ್ ಹಾಕುವುದಾದರೆ ಮೊದಲು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ, ಇಲ್ಲದಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ. ಸಿಡಿಲಿಗೆ ಕಾರಿನೊಳಗೆ ಇರುವುದೇ ವಾಸಿ, ಕಾಪಾಡುವುದು ಟೈರಿನ ರಬ್ಬರ್ ಅಲ್ಲ, ಸುತ್ತಲಿನ ಲೋಹದ ಮೈ. ಗಾಳಿಯ ವಿಷಯ ಬಿಟ್ಟೆ. ಮರದ ಕೆಳಗೆ ನಿಲ್ಲಿಸಬೇಡಿ, ಅಷ್ಟೇ.

ಹೊರಗೆ ಸದ್ದು ಕೇಳಿಸುತ್ತಿದೆ ಅಲ್ವಾ? ಇವತ್ತು ನಿಜವಾಗಿಯೂ ಬಂದಿದೆ. ನಾನಂತೂ ರಾತ್ರಿ ಹೊರಡುವುದಿಲ್ಲ, ಅಧ್ಯಕ್ಷರ ಮನೆಯಲ್ಲೇ ಉಳಿಯುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ.