ಗುತ್ತಿ ಬಿಡಲಾರದ್ದು, ಚಂದ್ರಿ ಬಿಟ್ಟದ್ದು

[ದೃಶ್ಯ: ತೀರ್ಥಹಳ್ಳಿ. ಮಳೆಗಾಲದ ತುಂಗೆ, ಕೆಮ್ಮಣ್ಣು ಕದಡಿದ ನೀರು. ಕೆಲವು ಕ್ಷಣ ಹೊಳೆಯ ಸದ್ದು ಮಾತ್ರ.]

ನಮಸ್ಕಾರ. ಈ ಹೊಳೆಯನ್ನು ಒಮ್ಮೆ ಕಣ್ತುಂಬ ನೋಡಿಕೊಳ್ಳಿ. ಕನ್ನಡ ಕಾದಂಬರಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಾವು ಇಂಥ ನೆರೆಯಲ್ಲೇ ಆಗುತ್ತದೆ. ಸಾಯುವುದು ಮನುಷ್ಯನಲ್ಲ, ನಾಯಿ. ಅಲ್ಲಿಗೆ ಹೋಗುವ ಮೊದಲು ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು.

[ದೃಶ್ಯ: ಮೇಜಿನ ಮೇಲೆ ಗೆರೆ ಹಾಕಿದ ಹಾಳೆ. ಕೈಯೊಂದು ಪದಗಳ ಕೆಳಗೆ ಅಡಿಗೆರೆ ಎಳೆಯುತ್ತಿದೆ.]

ಕಾಲೇಜಿನಲ್ಲಿ ಪಾತ್ರಚಿತ್ರಣದ ಪ್ರಶ್ನೆ ಬಂದಾಗಲೆಲ್ಲ ನಾನು ಬರೆಯುತ್ತಿದ್ದದ್ದು ಒಂದೇ ಉತ್ತರ: ಧೈರ್ಯವಂತ, ಸ್ವಾಮಿನಿಷ್ಠ, ಕಷ್ಟಸಹಿಷ್ಣು. ಪ್ರತಿ ಗುಣದ ಕೆಳಗೂ ಅಡಿಗೆರೆ. ಅಂಕವೇನೋ ಬರುತ್ತಿತ್ತು. ಆದರೆ ಆ ಮೂರು ಪದಗಳನ್ನು ಯಾವ ಕಾದಂಬರಿಯ ಯಾರಿಗೆ ಅಂಟಿಸಿದ್ದರೂ ಬರುತ್ತಿತ್ತು. ಅದು ಪಾತ್ರಚಿತ್ರಣವಲ್ಲ, ನಡತೆ ಪ್ರಮಾಣಪತ್ರ.

ಈಗ ಓದುವಾಗ ಬೇರೆಯದನ್ನು ಕೇಳಿಕೊಳ್ಳುತ್ತೇನೆ. ಈ ಮನುಷ್ಯ ಯಾವುದನ್ನು ಬಿಡಲಾರ? ಅದು ತಿಳಿದ ಮೇಲೆ, ಕಾದಂಬರಿ ಅದನ್ನು ಏನು ಮಾಡುತ್ತದೆ ಎಂದು ನೋಡುತ್ತೇನೆ. ಪಾತ್ರವನ್ನು ಹುಡುಕಲು ಹೋದವನಿಗೆ ಎಷ್ಟೋ ಸಲ ಕೃತಿಯ ಆಶಯವೂ ಅದೇ ಜಾಗದಲ್ಲಿ ಸಿಕ್ಕಿದೆ.

[ದೃಶ್ಯ: ಕುಪ್ಪಳಿಯ ದಾರಿ. ಜಿಗ್ಗು ಬೆಳೆದ ಕಾಲುದಾರಿ, ಎಲೆಗಳಿಂದ ತೊಟ್ಟಿಕ್ಕುವ ನೀರು.]

1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿ ಎಂಬವನಿದ್ದಾನೆ. ಸಿಂಬಾವಿ ಹೆಗ್ಗಡೆಯವರ ಜೀತದಾಳು, ದಲಿತ. ಅವನ ಜೊತೆಗೆ ಸದಾ ಹುಲಿಯ ಎಂಬ ನಾಯಿ. ಎಷ್ಟು ಸದಾ ಎಂದರೆ, ಊರಿನವರು ಇಬ್ಬರನ್ನೂ ಸೇರಿಸಿ ಒಂದೇ ಹೆಸರು ಮಾಡಿದ್ದಾರೆ: ನಾಯಿಗುತ್ತಿ.

ಅವನ ಹತ್ತಿರ ಏನೇನಿದೆ ಎಂದು ಲೆಕ್ಕ ಹಾಕಿ. ದುಡಿಮೆ ಹೆಗ್ಗಡೆಯವರದು. ಇಡುವ ಹೆಜ್ಜೆ ಅವರ ಅಪ್ಪಣೆಯದು. ಮದುವೆ ಕೂಡ ಸ್ವಂತದ್ದಲ್ಲ. ತಿಮ್ಮಿಯನ್ನು ಯಾರಿಗೆ ಕೊಡಬೇಕೆಂಬುದು ಅವಳ ಕಡೆಯ ಯಜಮಾನರ ಇಷ್ಟ. ಅದಕ್ಕೇ ಗುತ್ತಿ ಅವಳನ್ನು ಹಾರಿಸಿಕೊಂಡು ಹೋಗುತ್ತಾನೆ. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಋಣವೂ ಇಲ್ಲದೆ ಅವನದಾಗಿರುವುದು ಆ ನಾಯಿ ಒಂದೇ. ನನ್ನ ಉತ್ತರಪತ್ರಿಕೆಯಲ್ಲಿ ಗುತ್ತಿಗೆ 'ಸ್ವಾಮಿನಿಷ್ಠ' ಎಂದು ಪ್ರಮಾಣಪತ್ರ ಕೊಟ್ಟಿದ್ದೆನಲ್ಲ, ಆ ಪದ ನಿಜವಾಗಿ ಸಲ್ಲಬೇಕಾದದ್ದು ಹುಲಿಯನಿಗೆ.

[ದೃಶ್ಯ: ಮತ್ತೆ ತುಂಗೆ. ನೀರಿನ ಸುಳಿಯೊಂದರ ಮೇಲೆ ಕ್ಯಾಮೆರಾ ನಿಲ್ಲುತ್ತದೆ.]

ಸಾವಿರಾರು ಸಂಗತಿಗಳು ನಡೆದು ಮುಗಿದ ಮೇಲೆ, ಕೊನೆಯ ಭಾಗದಲ್ಲಿ, ತುಂಬಿದ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋಗುತ್ತದೆ. ಹೆಗ್ಗಡೆಗಳ ಮನೆಗಳಿವೆ, ಜಗಳಗಳಿವೆ, ಪಾದ್ರಿಗಳಿದ್ದಾರೆ, ಮತಾಂತರದ ಗದ್ದಲವಿದೆ. ಇವೆಲ್ಲವನ್ನೂ ಬಿಟ್ಟು ಅಷ್ಟು ದೊಡ್ಡ ಕಾದಂಬರಿ ಒಂದು ನಾಯಿಗಾಗಿ ನಿಂತು ಅಳುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಪುಸ್ತಕದ ಬಾಗಿಲಲ್ಲೇ ಹೇಳಿರುತ್ತಾರೆ. ಭಾಷಣಗಳಲ್ಲಿ ಸವೆದುಹೋಗಿರುವ ಆ ಮಾತಿನ ತೂಕ ನನಗೆ ತಿಳಿದದ್ದು ಹುಲಿಯ ಮುಳುಗಿದಾಗ.

[ದೃಶ್ಯ: ಕಾಫಿ ತೋಟದ ಅಂಚು, ಮರದ ತೊಗಟೆಯ ಹತ್ತಿರದ ನೋಟ.]

ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಬರೆದ 'ಕರ್ವಾಲೊ' ಮೂಡಿಗೆರೆ ಕಡೆಯದು. ಅಲ್ಲಿನ ಮಂದಣ್ಣ ಊರಿನ ಕಣ್ಣಿಗೆ ಅಬ್ಬೇಪಾರಿ, ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ರತ್ನ. ಇಬ್ಬರೂ ಬಿಡಲಾರದ್ದು ಒಂದು ಹಾರುವ ಓತಿಯನ್ನು. ಅದಕ್ಕಾಗಿ ದಂಡು ಕಟ್ಟಿಕೊಂಡು ಕಾಡು ಹೊಕ್ಕರೆ, ಅದು ಅವರ ಕಣ್ಣೆದುರೇ ತೇಲಿ ಕಣಿವೆಯೊಳಗೆ ಮಾಯವಾಗುತ್ತದೆ. ತಮಾಷೆಯೆಂದರೆ, ಗುತ್ತಿಯ ನಷ್ಟ ಓದಿ ಎದೆ ಭಾರವಾಗುವ ಹಾಗೆ ಇಲ್ಲಿ ಆಗುವುದಿಲ್ಲ, ಹಗುರಾಗುತ್ತದೆ. ಕಳೆದುಕೊಂಡದ್ದು ಯಾವತ್ತೂ ಅವರದಾಗಿರಲೇ ಇಲ್ಲವಲ್ಲ!

[ದೃಶ್ಯ: ಸಂಜೆ. ಹಳೆಯ ಅಗ್ರಹಾರದ ಬೀದಿ, ಹೆಂಚಿನ ಸೂರುಗಳ ಸಾಲು.]

ಈಗ ತಿರುಗಿ ತೀರ್ಥಹಳ್ಳಿ ಸೀಮೆಗೆ. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ', 1965. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಕೆಡಿಸಿಕೊಂಡವನ ಹೆಣಕ್ಕೆ ಬೆಂಕಿ ಇಡುವವರು ಯಾರು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಬಿಡಲಾರದ್ದು ಧರ್ಮಶಾಸ್ತ್ರದ ಓಲೆಗರಿಗಳನ್ನು. ತಿರುವಿ ತಿರುವಿ ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಪ್ರಸಾದ ಕೇಳುತ್ತಾರೆ, ದೇವರೂ ಸುಮ್ಮನೆ.

ಅತ್ತ ಇಲಿಗಳು ಬೀಳುತ್ತಿವೆ. ಸೂರಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ, ಜಾಗಟೆ ಬಡಿದು ಹದ್ದುಗಳನ್ನು ಓಡಿಸುತ್ತಾರೆ! ನಾರಣಪ್ಪ ಜ್ವರ ಹೊತ್ತು ಬಂದದ್ದು ಶಿವಮೊಗ್ಗೆಯಿಂದ. ಮೈಯಲ್ಲಿ ಗಡ್ಡೆ ಎದ್ದಿತ್ತು. ಪ್ಲೇಗ್ ಕಂಡ ಕಾಲದ ನಮ್ಮ ಹಿರಿಯರು ಇಲಿ ಬಿದ್ದರೆ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕುತ್ತಿದ್ದರು. ಇಲ್ಲಿ ನೋಡಿ, ಓಲೆಗರಿ ಓದಬಲ್ಲ ಇಡೀ ಅಗ್ರಹಾರಕ್ಕೆ ಅಂಗಳದಲ್ಲಿ ಬಿದ್ದ ಇಲಿಯನ್ನು ಓದಲು ಬರುವುದಿಲ್ಲ. ಜಾತಿ, ಧರ್ಮ, ಕಾಮ ಎಂದು ಈ ಕಾದಂಬರಿಯ ಬಗ್ಗೆ ಪುಟಗಟ್ಟಲೆ ಚರ್ಚೆಯಾಗಿದೆ, ಆಗಲಿ. ನನಗಂತೂ ಕಾದಂಬರಿ ಸಿಕ್ಕಿದ್ದು ಆ ಇಲಿಯಲ್ಲಿ.

ಆದರೆ ನನ್ನ ಪ್ರಶ್ನೆ ಇದೇ ಪುಸ್ತಕದಲ್ಲಿ ಒಬ್ಬಳ ಮುಂದೆ ಸೋಲುತ್ತದೆ. ಚಂದ್ರಿ, ನಾರಣಪ್ಪನ ಜೊತೆ ಬಾಳಿದವಳು. ಶವಸಂಸ್ಕಾರದ ಖರ್ಚಿಗಾಗಲಿ ಎಂದು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಇಡುತ್ತಾಳೆ. ಅಲ್ಲಿಯವರೆಗೆ ಹೆಣವನ್ನು ಮುಟ್ಟಲಾರೆವು ಎನ್ನುತ್ತಿದ್ದವರ ಮನಸ್ಸು ಆ ಕ್ಷಣ ಚಿನ್ನದತ್ತ ವಾಲುತ್ತದೆ. ಕಡೆಗೆ ಕಾಯುವುದನ್ನೂ ಬಿಡುತ್ತಾಳೆ. ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿಬಿಡುತ್ತಾಳೆ. ಅಗ್ರಹಾರವಿಡೀ ಹೆಣಗುತ್ತಿದ್ದ ಪ್ರಶ್ನೆ ಅವಳ ಕೈಯಲ್ಲಿ ಒಂದು ಗಾಡಿ ಕಟ್ಟಿಗೆಯ ಕೆಲಸ. ಆಚಾರ್ಯರಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ; ಅವರು ಹೆಣದ ಭಾರ ಹೊತ್ತುಕೊಂಡೇ ಕಾಡು ಮೇಡು ಅಲೆಯುತ್ತಾರೆ, ಪುಟ್ಟ ಎಂಬವನೊಬ್ಬ ಬೆನ್ನಿಗೆ ಬೀಳುತ್ತಾನೆ.

ಕಾಡಿನ ಕತ್ತಲಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುತ್ತಾರೆ; ಅಷ್ಟಕ್ಕೇ ಅವಳನ್ನು ಅವರ ತಪಸ್ಸು ಕೆಡಿಸಿದವಳು ಎಂದಷ್ಟೇ ಓದುವವರು ಈಗಲೂ ಇದ್ದಾರೆ. ನನ್ನ ತಕರಾರು ಅವರೊಂದಿಗಷ್ಟೇ ಅಲ್ಲ, ಕಾದಂಬರಿಯೊಂದಿಗೂ ಇದೆ. ಆಚಾರ್ಯರ ಒಂದೊಂದು ತಳಮಳಕ್ಕೂ ಪುಟ ಒದಗಿಸುವ ಕೃತಿ, ಎಲ್ಲವನ್ನೂ ಬಿಟ್ಟು ಹೊರಟ ಈ ಹೆಂಗಸು ಏನು ಯೋಚಿಸುತ್ತಿದ್ದಳು ಎಂದು ಕೇಳುವ ವ್ಯವಧಾನ ತೋರುವುದಿಲ್ಲ. ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿ ಆಚಾರ್ಯರ ಹಿಂದೆ ಹೋಗುತ್ತದೆ.

[ದೃಶ್ಯ: ಆಗುಂಬೆ ಘಾಟಿಯ ತಿರುವು. ಕರಾವಳಿಗೆ ಇಳಿಯುವ ಬಸ್ಸೊಂದು ಮಂಜಿನೊಳಗೆ ಮರೆಯಾಗುತ್ತದೆ.]